ಬೆರಳಿನಲ್ಲಿ ತೋರಿಸಿದ ಗಂಟು

ನಮ್ಮ ಊರಿನ ನಾಯಿಗಳು ಅಮಾವಾಸ್ಯೆಯ ಮಾರನೆಯ ಬೆಳಗ್ಗೆ ಎದ್ದು, ಮೈಮುರಿದು, ಪಕ್ಕದ ಮನೆಗೆ ಹೋಗುತ್ತವೆ. ಬಲಗಡೆಯ ಮನೆಗೆ. ಅಲ್ಲಿ ಒಂದು ತಿಂಗಳು ಇದ್ದು, ಆ ಮನೆಯ ಬಾಗಿಲು ಕಾದು, ಆ ಮನೆಯ ಮಕ್ಕಳ ಹಿಂದೆ ಓಡಾಡಿ, ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಅದರಾಚೆಯ ಮನೆಗೆ. ಊರಲ್ಲಿರುವುದು ಒಂದೇ ಬೀದಿ. ಅದೂ ಕೊಳವನ್ನು ಸುತ್ತಿಕೊಂಡು ಬಂದು ಹೊರಟ ಜಾಗಕ್ಕೇ ಸೇರುತ್ತದೆ. ಮನೆಗಳು ಇಪ್ಪತ್ತನಾಲ್ಕು, ನಾಯಿಗಳು ಇಪ್ಪತ್ತನಾಲ್ಕು. ಒಂದು ಸತ್ತರೆ ಎಲ್ಲಿಂದಲೋ ಇನ್ನೊಂದು ಬಂದು ಆ ಜಾಗದಲ್ಲಿ ಮಲಗಿರುತ್ತದೆ. ಯಾರೂ ಕರೆತರುವುದಿಲ್ಲ.

ಹಿಂದೆ ತಡೆಯಲು ನೋಡಿದವರೂ ಇದ್ದರು. ಟೈಲರ್ ಮರಿಸ್ವಾಮಿಯ ಅಪ್ಪ ಒಂದು ನಾಯಿಯನ್ನು ವಿಪರೀತ ಹಚ್ಚಿಕೊಂಡು, ಅದನ್ನು ಗಾಡಿಯಲ್ಲಿ ಕೆಳಗಿನ ಊರಿಗೆ ಸಾಗಿಸಿ, ಕೋಣೆಗೆ ಕೂಡಿ ಬೀಗ ಜಡಿದು ಬಂದನಂತೆ. ಅಮಾವಾಸ್ಯೆ ಕಳೆದ ಬೆಳಗ್ಗೆ ಅದು ಪಕ್ಕದ ಮನೆಯ ಹೊಸ್ತಿಲ ಮೇಲೆ, ಅಂಗಾಲು ಸವೆದು ರಕ್ತ ಬರುತ್ತಿದ್ದರೂ ಆರಾಮವಾಗಿ ಮಲಗಿತ್ತು. ಆಮೇಲೆ ಯಾರೂ ಆ ಸಾಹಸಕ್ಕೆ ಕೈ ಹಾಕಿಲ್ಲ. ಜನ ಹೊಂದಿಕೊಂಡರು. ಒಂದೇ ನಾಯಿಗೆ ಇಪ್ಪತ್ತನಾಲ್ಕು ಹೆಸರು, ಅದು ಎಲ್ಲದಕ್ಕೂ ತಿರುಗಿ ನೋಡುತ್ತದೆ. ಅಳುವವರು ಮೊದಮೊದಲು ಅಳುತ್ತಾರೆ, ಸಂಜೆ ಹೊತ್ತಿಗೆ ಹೊಸ ನಾಯಿಗೆ ಅನ್ನ ಕಲಸುತ್ತಾ ಕೂತಿರುತ್ತಾರೆ.

ನಾನು ಆ ನಾಯಿಗಳನ್ನು ತೊಳೆಯುವವಳು. ಹೆಸರು ಚಿಕ್ಕತಾಯಮ್ಮ, ಊರಿಗೆಲ್ಲ ತಾಯವ್ವ. ನನ್ನ ಮನೆ ಕೊಳದ ಹಿಂದುಗಡೆ, ಬೀದಿಯ ಲೆಕ್ಕಕ್ಕೆ ಸೇರಿದ್ದಲ್ಲ. ತಿಂಗಳ ಕೊನೆಯ ವಾರ ಒಂದೊಂದೇ ಮನೆಯವರು ತಮ್ಮ ನಾಯಿಯನ್ನು ನನ್ನ ಕಟ್ಟೆಗೆ ತಂದು ಬಿಡುತ್ತಾರೆ. ಸೀಗೆಪುಡಿ ಹಾಕಿ ತೊಳೆದು, ಕೂದಲು ಬಾಚಿ, ಉಗುರು ಕತ್ತರಿಸಿ, ಕಿವಿ ಒರೆಸಿ, ಉಣ್ಣೆಹುಳ ಹೆಕ್ಕಿ ಕಳಿಸುವುದು ನನ್ನ ಕೆಲಸ. ಕೊಳಕು ನಾಯಿ ಕಳಿಸಿದರು ಅನ್ನಿಸಿಕೊಳ್ಳುವುದು ನಮ್ಮಲ್ಲಿ ಮಗಳನ್ನು ಹರಕು ಸೀರೆಯಲ್ಲಿ ಗಂಡನ ಮನೆಗೆ ಕಳಿಸಿದಷ್ಟು ಅವಮಾನ.

ಈ ಕೆಲಸ ಕಲಿಸಿದ್ದು ನನ್ನ ಅತ್ತೆ ನಂಜವ್ವ. ಮೂರು ಚೊಂಬು ನೀರು ಸುರಿಯಬೇಕು, ಮೊದಲನೆಯದು ಮಣ್ಣಿಗೆ, ಎರಡನೆಯದು ಸೀಗೆಗೆ, ಮೂರನೆಯದು ಕಂಡದ್ದಕ್ಕೆ ಅನ್ನುತ್ತಿದ್ದಳು. ಕಂಡದ್ದಕ್ಕೆ ಅಂದರೆ ಏನು ಅಂತ ಹೊಸದರಲ್ಲಿ ಕೇಳಿದ್ದೆ. ನನ್ನ ಅತ್ತೆ ಯಾವುದನ್ನೂ ಬಿಡಿಸಿ ಹೇಳುವ ಹೆಂಗಸಲ್ಲ. "ನಿನ್ನ ಕಣ್ಣಿಗೆ ಬಿದ್ದಿದ್ದೆಲ್ಲ ಆ ನೀರಿನ ಜೊತೆಗೆ ಹೋಗ್ಬೇಕು. ಅದು ಹೋಗ್ಲಿಲ್ಲ ಅಂದ್ರೆ ನೀನು ಹೋಗ್ತೀಯ," ಅಂದಳು.

ಅದಕ್ಕೆ ಕಾರಣವಿತ್ತು. ಅವಳಿಗೂ ಹಿಂದೆ ಈ ಕಟ್ಟೆಯಲ್ಲಿ ಕೂತಿದ್ದವಳು ಒಂದು ನಾಯಿಯ ಹಿಂಗಾಲಿನ ಮೂಳೆ ಮುರಿದು ಕೂಡಿಕೊಂಡಿದೆ ಎಂದು ಬಾಯಿಬಿಟ್ಟಳಂತೆ. ಯಾರ ಮನೆಯಲ್ಲಿ ಮುರಿದದ್ದು ಎಂಬ ಮಾತು ಹುಟ್ಟಿತು. ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕಿ, ಕೊನೆಗೆ ಎರಡು ತಲೆ ಒಡೆದು, ಒಂದು ಮದುವೆ ಮುರಿಯಿತು. ಅಂದಿನಿಂದ ಊರು ಒಂದು ಕಟ್ಟು ಮಾಡಿಕೊಂಡಿದೆ. ನಾಯಿಯ ಕುಂದನ್ನು ಯಾರೂ ಬಾಯಲ್ಲಿ ಹೇಳಕೂಡದು. ಬಂದ ನಾಯಿ ಹೇಗೆ ಬಂತೋ ಹಾಗೆ ಇಟ್ಟುಕೊಂಡು ಹಾಗೇ ಕಳಿಸುವುದು. ಆ ತೊಳೆಯುವವಳನ್ನು ಊರು ಬಿಡಿಸಿದರು.

ನಾನು ಬಾಯಿ ಕಟ್ಟಿಕೊಂಡೇ ಹತ್ತೊಂಬತ್ತು ವರ್ಷ ತೊಳೆದೆ. ಬಾಯಿ ಕಟ್ಟಬಹುದು, ಕೈಗೆ ಗೊತ್ತಾಗುವುದನ್ನು ಕಟ್ಟಲಾಗುವುದಿಲ್ಲ. ಬಾಚಣಿಗೆ ಸೊಂಟದ ಹತ್ತಿರ ಬಂದಾಗ ನಾಯಿ ಮೈ ಬಿಗಿ ಹಿಡಿದರೆ ಅಲ್ಲಿ ನೋವಿದೆ. ನಾಲ್ಕು ಕಾಲಿನ ಉಗುರಲ್ಲಿ ಒಂದು ಕಾಲಿನದು ಮಾತ್ರ ಉದ್ದ ಬೆಳೆದಿದ್ದರೆ ಆ ಕಾಲನ್ನು ಊರುತ್ತಿಲ್ಲ. ಕಿವಿ ಹುಳಿ ಬಂದ ಹಿಟ್ಟಿನ ಹಾಗೆ ನಾತ ಹೊಡೆದರೆ ಒಳಗೆ ಕೀವು. ಕತ್ತಿನ ಹಿಂದಿನ ಚರ್ಮ ಎತ್ತಿ ಬಿಟ್ಟಾಗ ತಟ್ಟನೆ ಕೂರದಿದ್ದರೆ ಮೈಯಲ್ಲಿ ನೀರು ಸಾಲದು. ತುಟಿ ಎತ್ತಿ ನೋಡಿದಾಗ ಒಸಡು ಬಿಳುಚಿದ್ದರೆ ಹುಳ, ಇಲ್ಲವೆ ಉಣ್ಣೆ ರಕ್ತ ಹೀರಿದೆ. ನಾನು ಡಾಕ್ಟರಲ್ಲ. ಒಂದೇ ಮೈಯನ್ನು ಪ್ರತಿ ತಿಂಗಳೂ ಮುಟ್ಟುವವಳು ಊರಿನಲ್ಲಿ ನಾನೊಬ್ಬಳೇ, ಅಷ್ಟೇ. ಉಳಿದವರೆಲ್ಲ ಒಂದು ತಿಂಗಳಿನವರು.

ಸಣ್ಣಪುಟ್ಟದನ್ನು ಸದ್ದಿಲ್ಲದೆ ಸರಿ ಮಾಡುತ್ತಿದ್ದೆ. ಕಿವಿಗೆ ಎಣ್ಣೆ ಬಿಡುವುದು, ಹುಳಕ್ಕೆ ಔಷಧಿ ಬೆಲ್ಲದಲ್ಲಿಟ್ಟು ತಿನ್ನಿಸುವುದು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೆ ಒಂದು ಜಂಬವೂ ಇತ್ತು. ಊರಿಗೆ ಊರೇ ತಮ್ಮ ನಾಯಿ ತಮ್ಮ ನಾಯಿ ಅಂತ ಮುದ್ದು ಮಾಡುತ್ತದೆ, ಅದರ ಮೈಯ ಗುಟ್ಟು ಮಾತ್ರ ನನ್ನ ಹತ್ತಿರ ಅಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಆ ಕಂದು ಹೆಣ್ಣುನಾಯಿಗೆ ಒಂದು ಮುಂಗಾಲು ಮಾತ್ರ ಬಿಳಿ. ಮರಿಸ್ವಾಮಿ ಅದನ್ನು ರಾಣಿ ಅನ್ನುತ್ತಿದ್ದ. ಅವನು ತಂದು ಬಿಟ್ಟ ದಿನ, ಹೊಟ್ಟೆಯ ಅಡಿಗೆ ಸೀಗೆ ಹಚ್ಚುವಾಗ, ಕೊನೆಯ ಮೊಲೆಯ ಪಕ್ಕ ಚರ್ಮದ ಒಳಗೆ ಏನೋ ಬೆರಳಿಗೆ ತಾಗಿತು. ಹೆಸರುಕಾಳಿನಷ್ಟು. ಒತ್ತಿದರೆ ಜಾರುತ್ತಿತ್ತು. ನಾಯಿಗೆ ನೋವಿಲ್ಲ, ಅದು ನನ್ನ ಮೊಣಕೈ ನೆಕ್ಕುತ್ತಾ ನಿಂತಿತ್ತು. ಮೂರನೆಯ ಚೊಂಬು ಸುರಿದೆ.

ಮುಂದಿನ ತಿಂಗಳು ಅದು ಪಕ್ಕದ ಮನೆಯ ಸಾವಂತ್ರಮ್ಮನ ಜೊತೆ ಬಂದಾಗ ಗಂಟು ಕಡಲೆಕಾಳಿನಷ್ಟಾಗಿತ್ತು. ಆಮೇಲೆ ಹುಣಸೆಬೀಜ. ಆಮೇಲೆ ಮಕ್ಕಳ ಗೋಲಿ. ಐದನೆಯ ಮನೆಯಿಂದ ಬಂದಾಗ ನೆಲ್ಲಿಕಾಯಿ, ಆರನೆಯದಾದ ದೇವೀರಯ್ಯ ಮೇಷ್ಟ್ರ ಮನೆಯಿಂದ ಬಂದಾಗ ನಿಂಬೆಹಣ್ಣು. ಪ್ರತಿ ಸಲವೂ ನನ್ನ ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತಿತ್ತು. ಪ್ರತಿ ಸಲವೂ ಇದು ಕೆಟ್ಟದ್ದು ಅಂತ ಅನ್ನಿಸುತ್ತಿತ್ತು. ಬೆಲ್ಲದಲ್ಲಿಟ್ಟು ತಿನ್ನಿಸಿ ಕರಗಿಸುವ ಗಂಟಲ್ಲ ಅದು. ಕೆಳಗಿನ ಊರಿನಲ್ಲಿ ಪ್ರಾಣಿಗಳ ಡಾಕ್ಟರಮ್ಮ ಇದ್ದಾಳೆ, ಇಳಿಜಾರಿನಲ್ಲಿ ಅರ್ಧ ದಿನದ ದಾರಿ. ಆದರೆ ಕರೆದುಕೊಂಡು ಹೋಗಬೇಕಾದವರು ಮನೆಯವರು. ಕರೆದುಕೊಂಡು ಹೋದರೆ ಹಿಂದಿನ ಮನೆಯವರು ಕೆಡಿಸಿ ಕಳಿಸಿದರು ಅಂತ ಸಾರಿದ ಹಾಗೆ. ನಾನು ಹೇಳಿದರೆ ಕಟ್ಟೆ ಹೋಗುತ್ತದೆ, ಕಟ್ಟೆ ಹೋದರೆ ನನಗೆ ಬೇರೆ ಕೆಲಸ ಬರುವುದಿಲ್ಲ. ಹೀಗೆ ಪ್ರತಿ ತಿಂಗಳೂ ಯೋಚಿಸಿ ಪ್ರತಿ ತಿಂಗಳೂ ನೀರು ಸುರಿದೆ. ಮುಂದಿನ ಮನೆಯವರು ತಾವಾಗಿಯೇ ನೋಡಿಕೊಂಡಾರು ಅಂತ ಸಮಾಧಾನ ಮಾಡಿಕೊಂಡೆ.

ಅವರು ನೋಡಿಕೊಂಡೇ ಇದ್ದರು ಅಂತ ಆಮೇಲೆ ಗೊತ್ತಾಯಿತು, ತಮಾಷೆ ಇರುವುದೇ ಅಲ್ಲಿ. ಸಾವಂತ್ರಮ್ಮನಿಗೆ ಕಡಲೆಕಾಳು ಕಂಡಿತ್ತು, ಇದಕ್ಕೊಂದು ಕಡಲೆಕಾಳಿನಷ್ಟು ಗಂಟಿದೆ, ಇದರ ಮೈಯೇ ಹೀಗೆ ಅಂದುಕೊಂಡಳು. ಮೇಷ್ಟ್ರಿಗೆ ನಿಂಬೆಹಣ್ಣು ಕಂಡಿತ್ತು, ಇದಕ್ಕೊಂದು ನಿಂಬೆಹಣ್ಣಿನಷ್ಟು ಗಂಟಿದೆ, ಇದರ ಮೈಯೇ ಹೀಗೆ ಅಂದುಕೊಂಡರು. ಒಂದು ತಿಂಗಳಲ್ಲಿ ಎಷ್ಟು ಬೆಳೆದೀತು? ಒಬ್ಬೊಬ್ಬರ ಕಣ್ಣಿಗೂ ಅದು ಮೊದಲಿನಿಂದ ಅಷ್ಟೇ ಇದ್ದ ಗಂಟು. ಕೇಳಿ ತಿಳಿದುಕೊಳ್ಳೋಣ ಅಂದರೆ ಕೇಳುವ ಹಾಗಿಲ್ಲ.

ಏಳನೆಯ ಮನೆ ಪುಟ್ಟಗೌರಮ್ಮನದು. ಕಡಲೆಪುರಿ ಹುರಿದು ಮಾರುವವಳು. ಭಟ್ಟಿಯ ಮುಂದೆ ಕೂತೂ ಕೂತೂ ಮುಖ ಕಪ್ಪಿಟ್ಟಿದೆ, ಮಾತು ಮಾತ್ರ ಮೆತ್ತಗೆ. ಅಮಾವಾಸ್ಯೆಯ ದಿನ ಬೆಳಗ್ಗೆ ಬಿಳಿಗಾಲಿನದನ್ನು ಎತ್ತಿಕೊಂಡೇ ಬಂದಳು. ಅದಕ್ಕೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಗಂಟು ನನ್ನ ಮುಷ್ಟಿಯಷ್ಟಾಗಿ, ಮೇಲಿನ ಚರ್ಮ ಒಡೆದು ಒಸರುತ್ತಿತ್ತು. ಅದರ ಮೇಲೆ ಅರಿಶಿನ ಮೆತ್ತಿ, ತನ್ನ ಹಳೆಯ ರವಿಕೆ ಹರಿದು ಅಚ್ಚುಕಟ್ಟಾಗಿ ಪಟ್ಟಿ ಕಟ್ಟಿದ್ದಳು.

ನಾಯಿಯನ್ನು ಕಟ್ಟೆಯ ಮೇಲೆ ಮಲಗಿಸಿದ ಮೇಲೂ ಅವಳು ಹೋಗಲಿಲ್ಲ. ಸೆರಗಿನ ತುದಿ ಸುತ್ತುತ್ತಾ ನಿಂತಳು. ಆಮೇಲೆ ಆಚೆಈಚೆ ನೋಡಿ, ಊರು ಕೇಳಬಾರದು ಅಂದಿರುವುದನ್ನು ಕೇಳಿದಳು.

"ತಾಯವ್ವ, ಈ ಗಂಟು ಹುಟ್ಟಿದಾಗಿಂದ್ಲೂ ಇದ್ದದ್ದೇ ಅಲ್ವಾ? ಹೂಂ ಅಂದ್ಬಿಡು. ನಂಗೆ ರಾತ್ರಿ ನಿದ್ದೆ ಬರ್ತೈತೆ."

ಹೂಂ ಅನ್ನುವುದಕ್ಕೆ ಏನೂ ಖರ್ಚಿರಲಿಲ್ಲ. ಅವಳು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದಳು, ಮಾರನೆಯ ದಿನ ನಾಯಿ ಎಂಟನೆಯ ಮನೆಗೆ ಹೋಗುತ್ತಿತ್ತು, ಬಹುಶಃ ಅಲ್ಲಿಂದ ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಬಾಯಿ ತೆರೆದದ್ದು ಹೂಂ ಅನ್ನಲಿಕ್ಕೇ. ಆ ಪಟ್ಟಿಯ ಮೇಲೆ ರವಿಕೆಯ ಒಂದು ಹುಕ್ಕು ಇನ್ನೂ ಹಾಗೇ ಉಳಿದಿತ್ತು, ಅದನ್ನು ನೋಡುತ್ತಾ ನನ್ನ ಬಾಯಿಂದ ಇಲ್ಲ ಅನ್ನುವ ಮಾತು ಬಂತು. ಹುಟ್ಟಿದಾಗ ಇರಲಿಲ್ಲ ಗೌರಮ್ಮ, ಅಂದೆ. ಅವಳು ಕಟ್ಟೆಯ ಅಂಚಿನಲ್ಲಿ ಕೂತು ನಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಡಾಕ್ಟರಮ್ಮನ ಹತ್ತಿರ ಹೋಗೋಣ ಅಂತ ಹದಿನೈದು ದಿನದಿಂದ ಒದ್ದಾಡುತ್ತಿದ್ದಳಂತೆ. ಮೇಷ್ಟ್ರು ತನ್ನ ಮಕ್ಕಳಿಗೆ ಅಕ್ಷರ ಕಲಿಸಿದವರು, ಅವರ ಮನೆಗೆ ಕೆಟ್ಟ ಹೆಸರು ತರುವುದು ಹೇಗೆ ಅಂತ ಹಿಂಜರಿದಳಂತೆ.

ಅಮಾವಾಸ್ಯೆಯ ಮಧ್ಯಾಹ್ನ ಇಡೀ ಊರು ಕೊಳದ ಸುತ್ತಲಿನ ಮೆಟ್ಟಿಲ ಮೇಲೆ ಸೇರುತ್ತದೆ. ಬೀದಿಯಲ್ಲಿ ಮನೆ ಇರುವ ಕ್ರಮದಲ್ಲೇ ಎಲ್ಲರೂ ಕೂರುತ್ತಾರೆ, ಪಕ್ಕದಲ್ಲಿ ತೊಳೆದ ನಾಯಿ. ಒಬ್ಬೊಬ್ಬರೇ ಎದ್ದು ತಮ್ಮ ನಾಯಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು. ಒಳ್ಳೆ ನಾಯಿ, ಉಂಡುಟ್ಟು ಚೆನ್ನಾಗಿತ್ತು ಅನ್ನುತ್ತಾರೆ. ಇಪ್ಪತ್ತನಾಲ್ಕು ಮನೆಯವರೂ ಅದನ್ನೇ ಅನ್ನುತ್ತಾರೆ, ಕಚ್ಚಿಸಿಕೊಂಡವರೂ ಅದನ್ನೇ. ಆಮೇಲೆ ಪಾನಕ ಕುಡಿದು ಏಳುತ್ತಾರೆ.

ಅವತ್ತು ಪುಟ್ಟಗೌರಮ್ಮನ ಸರದಿ ಬಂದಾಗ ಅವಳು ಎದ್ದು ನಿಂತು ನನ್ನ ಕಡೆ ನೋಡಿದಳು. ನಾನು ಕೆಳಗಿನ ಮೆಟ್ಟಿಲಿನಿಂದ ಎದ್ದು ಬಂದು ನಾಯಿಯ ಪಟ್ಟಿ ಬಿಚ್ಚಿದೆ. ಎಲ್ಲರೂ ನೋಡಿದರು, ನೋಡಿ ನೀರಿನ ಕಡೆ ತಿರುಗಿದರು. ಹಾಗೆ ತಿರುಗುವುದು ನಮ್ಮಲ್ಲಿ ಮರ್ಯಾದೆ.

"ಯಾರೂ ಬಾಯಿ ಬಿಡೋದು ಬ್ಯಾಡ. ಕಟ್ಟು ಮುರಿಯೋದು ಬ್ಯಾಡ," ಅಂದೆ. "ಇದು ನಿಮ್ಮ ನಿಮ್ಮ ಮನೇಲಿದ್ದಾಗ ಈ ಗಂಟು ಎಷ್ಟಿತ್ತೋ ಅಷ್ಟು, ಬೆರಳಲ್ಲಿ ತೋರ್ಸಿ ಸಾಕು."

ಊರು ಬಿಡಿಸಿದರೆ ಯಾವ ದಾರಿ ಹಿಡಿಯುವುದು ಅಂತ ನನಗೆ ಯೋಚನೆ ಬಂತು. ಮೊದಲು ಕೈ ಎತ್ತಿದ್ದು ಸಾವಂತ್ರಮ್ಮ. ಕಿರುಬೆರಳಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ತೋರಿಸಿದಳು. ಅವಳ ಪಕ್ಕದವನು ಅದನ್ನು ನೋಡಿ, ತನ್ನ ಬೆರಳನ್ನು ಒಂದಿಷ್ಟು ಅಗಲಿಸಿ ಎತ್ತಿದ. ಅವನ ಪಕ್ಕದ ಮನೆಯ ಮುದುಕಿ ಹೆಬ್ಬೆರಳು ತೋರುಬೆರಳು ಸೇರಿಸಿ ಗೋಲಿಯಷ್ಟು ಉಂಗುರ ಮಾಡಿದಳು. ಐದನೆಯವರ ಉಂಗುರ ಅದಕ್ಕಿಂತ ದೊಡ್ಡದು. ದೇವೀರಯ್ಯ ಮೇಷ್ಟ್ರು ಅಂಗೈಯನ್ನು ಬಟ್ಟಲು ಮಾಡಿ, ಹಣ್ಣು ಹಿಡಿದ ಹಾಗೆ ಮೇಲೆತ್ತಿದರು. ಕೊನೆಗೆ ಪುಟ್ಟಗೌರಮ್ಮ ಮುಷ್ಟಿ ಎತ್ತಿದಳು.

ಮೆಟ್ಟಿಲ ಮೇಲೆ ಎತ್ತಿದ ಕೈಗಳು ಒಂದರ ಪಕ್ಕ ಒಂದು ನಿಂತಿದ್ದವು. ಎದುರು ದಂಡೆಯವರಿಗೆ ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೆಳೆಯುತ್ತಾ ಹೋಗುವುದು ಕಾಣುತ್ತಿತ್ತು. ಕೈ ಎತ್ತಿದವರು ಬಗ್ಗಿ ತಮ್ಮ ಎಡಗಡೆ ನೋಡಿದರು, ಬಲಗಡೆ ನೋಡಿದರು. ಸಾವಂತ್ರಮ್ಮ ತನ್ನ ಕಿರುಬೆರಳನ್ನೂ ಪುಟ್ಟಗೌರಮ್ಮನ ಮುಷ್ಟಿಯನ್ನೂ ನೋಡಿ, ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತಳು. ಸಾಲಿನ ಮೊದಲಲ್ಲಿ ಟೈಲರ್ ಮರಿಸ್ವಾಮಿ ಮಾತ್ರ ಬರಿ ಅಂಗೈ ತೋರಿಸುತ್ತಾ ಕೂತಿದ್ದ. ಅವನ ಮನೆಯಲ್ಲಿದ್ದಾಗ ಅವನ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಅವನ ಮುಖದಲ್ಲಿ ಬದುಕಿಕೊಂಡೆ ಅನ್ನುವ ಭಾವನೆ ಎದ್ದು ಕಾಣುತ್ತಿತ್ತು.

ನನಗೆ ಗೆದ್ದೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ, ಹಾಗೇ ಅನ್ನಿಸಿತು. ಕಟ್ಟು ಮುರಿಯದೆ ಊರಿಗೆ ಊರನ್ನೇ ತೋರಿಸಿಬಿಟ್ಟೆ ಅಂತ ಸೆರಗು ಬಿಗಿದು ನಿಂತಿದ್ದೆ. ಆಗ ಮೇಷ್ಟ್ರು ಅಂಗೈಯ ಬಟ್ಟಲನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗಿಯನ್ನು ಕೇಳುವ ಹಾಗೆ ಕೇಳಿದರು.

"ತಾಯವ್ವ, ನಾವು ಒಂದೊಂದು ತಿಂಗಳು ಕಂಡೋರು. ನಿನ್ನ ಬೆರಳು ತೋರ್ಸು ನೋಡೋಣ."

ನನ್ನ ಕೈ ಎದ್ದಿತು. ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದೆ. ಎಷ್ಟು ಹತ್ತಿರ ಅಂದರೆ ದೂರದವರಿಗೆ ನಡುವೆ ಏನೂ ಕಾಣಿಸದಷ್ಟು. ಹತ್ತಿರ ಇದ್ದವರು ಕತ್ತು ಚಾಚಿ ನೋಡಿದರು. ಯಾವಾಗ ಅಂತ ಮೇಷ್ಟ್ರು ಕೇಳಿದರು. ಬಾಯಲ್ಲಿ ಹೇಳಲಾರದೆ ಇನ್ನೊಂದು ಕೈಯಿಂದ ಮರಿಸ್ವಾಮಿಯ ಕಡೆ ತೋರಿಸಿದೆ. ಅವನು ತನ್ನ ಬರಿ ಅಂಗೈಯನ್ನು ನೋಡಿಕೊಂಡ. ಆಮೇಲೆ ಎತ್ತಿದ ಕೈಗಳೆಲ್ಲ ಒಂದೊಂದಾಗಿ ಇಳಿದವು. ನನ್ನದನ್ನು ಯಾವಾಗ ಇಳಿಸಿದೆನೋ ನೆನಪಿಲ್ಲ. ಅಷ್ಟೂ ಗಾತ್ರಗಳು ಒಬ್ಬಳ ಕೈಯಲ್ಲೇ ಇದ್ದವು, ಆ ಒಬ್ಬಳು ಆರು ತಿಂಗಳು ನೀರು ಸುರಿದಿದ್ದಳು. ಇದನ್ನು ಹೇಳಲು ಅಲ್ಲಿ ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲ.

ಮಾರನೆಯ ಬೆಳಗ್ಗೆ ಬಿಳಿಗಾಲಿನದು ಎದ್ದಿತು. ಪುಟ್ಟಗೌರಮ್ಮನ ಮನೆಯಿಂದ ಎಂಟನೆಯ ಮನೆಗೆ ಮೂವತ್ತು ಹೆಜ್ಜೆ. ಅಷ್ಟಕ್ಕೆ ಒಂದು ಮಡಕೆ ಅನ್ನ ಬೇಯುವಷ್ಟು ಹೊತ್ತು ಹಿಡಿಯಿತು. ಎತ್ತಿಕೊಳ್ಳಲು ಹೋದರೆ ಇಳಿದುಬಿಡುತ್ತಿತ್ತು. ಎಂಟನೆಯ ಮನೆಯ ದಾನಪ್ಪ ಬಾಗಿಲಲ್ಲಿ ನಿಂತು ಕಾದ. ನಾಯಿ ಹೊಸ್ತಿಲು ಮುಟ್ಟಿದ ಕೂಡಲೇ ಬಿದಿರು ಬುಟ್ಟಿ ಅವನೇ ತಂದು ಮುಂದಿಟ್ಟ. ಯಾರು ಹೊರಬೇಕು, ಯಾರು ಬರಬೇಕು ಅನ್ನುವ ಚರ್ಚೆಯೇ ಆಗಲಿಲ್ಲ. ದಾನಪ್ಪ, ಪುಟ್ಟಗೌರಮ್ಮ, ನಾನು ಮೂವರೂ ಇಳಿಜಾರು ಇಳಿದೆವು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಮಾತು ಕಡಿಮೆ. ಗಂಟು ಕೊಯ್ದು ತೆಗೆದಳು. ಎದೆಯ ಮೇಲೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿ, ಎಕ್ಸ್‌ರೇ ತೆಗೆದು ನೋಡಿದಳು. ಒಳಗೆ ಶ್ವಾಸಕೋಶದಲ್ಲೂ ಆ ಗಂಟಿನ ಬೀಜ ಬಿದ್ದಿದೆ ಅಂದಳು. ಕಡಲೆಕಾಳಿನಷ್ಟಿದ್ದಾಗ ತಂದಿದ್ದರೆ ಅರ್ಧ ಗಂಟೆಯ ಕೆಲಸವಿತ್ತು, ನಾಯಿ ಇನ್ನೂ ಐದಾರು ವರ್ಷ ಇರುತ್ತಿತ್ತು ಅಂದಳು. ಪುಟ್ಟಗೌರಮ್ಮ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊಲಿಗೆ ಒಣಗುವವರೆಗೆ ಏನೇನು ಮಾಡಬೇಕು ಎಂದು ಡಾಕ್ಟರಮ್ಮನನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಳು.

ಆ ತಿಂಗಳೆಲ್ಲ ಅವಳು ದಿನಕ್ಕೆರಡು ಸಲ ದಾನಪ್ಪನ ಮನೆಗೆ ಹೋಗಿ ಪಟ್ಟಿ ಬದಲಿಸಿದಳು. ಹೋದ ನಾಯಿಯ ಹಿಂದೆ ಹೋಗುವುದು ನಮ್ಮೂರಲ್ಲಿ ಇರಲಿಲ್ಲ. ಮೊದಲ ದಿನ ಜನ ಕಿಟಕಿಯಿಂದ ಇಣುಕಿದರು, ಎರಡನೆಯ ವಾರಕ್ಕೆ ಸಾವಂತ್ರಮ್ಮ ಮೊಸರನ್ನ ಹಿಡಿದುಕೊಂಡು ಬಂದಳು, ಮೇಷ್ಟ್ರು ಸಂಜೆ ವಾಕಿಂಗ್ ಅನ್ನುವ ನೆಪದಲ್ಲಿ ಬಂದು ಹೋಗುತ್ತಿದ್ದರು. ಮರಿಸ್ವಾಮಿ ಮೆತ್ತನೆಯ ಬಟ್ಟೆಯಲ್ಲಿ ಹೊಟ್ಟೆಗೆ ಕಟ್ಟುವ ಅಂಗಿಯೊಂದನ್ನು ಹೊಲಿದುಕೊಟ್ಟ. ಅದನ್ನು ಹಾಕಿಕೊಂಡು ಬಿಳಿಗಾಲಿನದು ಒಂಬತ್ತನೆಯ ಮನೆಗೆ ಹೋಯಿತು, ಹತ್ತನೆಯ ಮನೆಗೆ ಹೋಯಿತು. ಹತ್ತನೆಯ ಮನೆಯ ಪಡಸಾಲೆಯಲ್ಲಿ, ಹುಣ್ಣಿಮೆಯ ಹಿಂದುಮುಂದೆ ಒಂದು ಮಧ್ಯಾಹ್ನ, ನಿದ್ದೆಯಲ್ಲೇ ತೀರಿಕೊಂಡಿತು. ನಾನು ಹೋಗಿ ಕೊನೆಯ ಸಲ ತೊಳೆದೆ. ಎರಡು ಚೊಂಬು ನೀರು ಸುರಿದು ನಿಲ್ಲಿಸಿದೆ.

ನನ್ನನ್ನು ಯಾರೂ ಊರು ಬಿಡಿಸಲಿಲ್ಲ. ಕಟ್ಟೆ ಈಗಲೂ ನನ್ನದೇ, ತಿಂಗಳ ಕೊನೆಗೆ ನಾಯಿಗಳು ಈಗಲೂ ಬರುತ್ತವೆ. ಹಳೆಯ ಕಟ್ಟಿನ ಮಾತು ಯಾರೂ ಎತ್ತುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅವರೂ ಕೇಳಿಸಿಕೊಳ್ಳುತ್ತಾರೆ, ಮುಂದಿನ ಮನೆಯವರಿಗೆ ತಾವೇ ಹೋಗಿ ತಿಳಿಸುತ್ತಾರೆ. ಹೋದ ತಿಂಗಳು ಎರಡು ಕಿವಿ, ಒಂದು ಹಲ್ಲು ಹೀಗೆ ಸರಿಹೋದವು. ಆದರೆ ಮೊದಲಿನ ಹಾಗೆ ನಾಯಿಯನ್ನು ನನ್ನ ಹತ್ತಿರ ಬಿಟ್ಟು ಯಾರೂ ಮನೆಗೆ ಹೋಗುವುದಿಲ್ಲ. ತೊಳೆದು ಮುಗಿಯುವವರೆಗೆ ಎದುರಿಗೇ ಕೂತಿರುತ್ತಾರೆ. ನಾಯಿಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಮೊನ್ನೆ ಮರಿಸ್ವಾಮಿ ಒಂದು ಕರಿ ನಾಯಿ ತಂದಿದ್ದ. ಕತ್ತಿನ ಕೆಳಗೆ ಬಾಚುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಕೂದಲಿಗೆ ಮುಳ್ಳುಕಾಯಿ ಅಂಟಿತ್ತು, ಅಷ್ಟೇ. ಬಿಡಿಸಿ ಎಸೆದೆ. ಅವನು ಕೂತಲ್ಲಿಂದ ಎದ್ದು ಬಂದಿದ್ದ. ಏನಿಲ್ಲ ಮರಿಸ್ವಾಮಿ, ಅಂದೆ. ಅವನು ತಲೆಯಾಡಿಸಿ, ನನ್ನ ಪಕ್ಕದಲ್ಲಿ ಮಂಡಿಯೂರಿ, ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ತನ್ನ ಬೆರಳಿಟ್ಟು ನೋಡಿದ.